‘ನಮಗೆ ಲೈಸೆನ್ಸ್ ಇದೆ’ ಎನ್ನುವ ಗುತ್ತಿಗೆದಾರರನ್ನು ಏನು ಕೇಳಬೇಕು?

ಪ್ರಶ್ನೆ: ಬೆಂಗಳೂರಿನ ಬಸವೇಶ್ವರನಗರದ 30×40 ನಿವೇಶನದಲ್ಲಿ ನಮ್ಮ ಮನೆಯಿದೆ. 1994ರಲ್ಲಿ ಕಟ್ಟಿದ್ದು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಅಡುಗೆಮನೆ ಮತ್ತು ಎರಡು ಬಚ್ಚಲನ್ನು ಹೊಸದಾಗಿ ಮಾಡಿಸಿ, ಇಡೀ ಮನೆಯ ವೈರಿಂಗ್ ಬದಲಿಸಿ, ಹಾಲ್ ಮತ್ತು ಊಟದ ಕೋಣೆಯ ನಡುವಿನ ಗೋಡೆ ತೆಗೆಸಿ, ತಾರಸಿಯ ಮೇಲೆ ಬಚ್ಚಲು ಸಮೇತ ಒಂದು ರೂಮು ಹಾಕಿಸೋಣ ಎಂದಿದ್ದೇವೆ. ಪರಿಚಯದ ಗುತ್ತಿಗೆದಾರರು ಸಾಮಾನು ಸೇರಿ 22 ಲಕ್ಷ ಹೇಳಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ‘ಅವರ ಲೈಸೆನ್ಸ್ ನಂಬರ್ ಕೇಳು’ ಅಂದಳು. ಕೇಳಿದ್ದಕ್ಕೆ ಜಿಎಸ್‌ಟಿ ಸರ್ಟಿಫಿಕೇಟು, ಉದ್ಯಮ್ ಸರ್ಟಿಫಿಕೇಟು, ‘ಕ್ಲಾಸ್ ಒನ್’ ನೋಂದಣಿಯ ಪ್ರತಿ ಕಳಿಸಿದರು. ಇಷ್ಟು ಸಾಕೆ? ನಿಯಮಗಳು ಬದಲಾಗಿವೆಯಂತೆ, ಪಾಲಿಕೆಯೂ ಐದಾಗಿದೆ, ಯಾರಲ್ಲಿ ವಿಚಾರಿಸಬೇಕು? ಒಂದೂವರೆ ಲಕ್ಷ ನಗದು ಮುಂಗಡ ಕೊಟ್ಟಾಗಿದೆ, ರಸೀದಿ ಇಲ್ಲ.

ಉತ್ತರ: ಅವರು ಕಳಿಸಿದ ಮೂರು ಕಾಗದಗಳೂ ಅಸಲಿ ಇರಬಹುದು. ಆದರೆ ಮೂರರಲ್ಲಿ ಒಂದೂ ನಿಮ್ಮ ಮನೆಯ ಕೆಲಸಕ್ಕೆ ಕೊಟ್ಟ ಪರವಾನಗಿಯಲ್ಲ.

ಖಾಸಗಿ ಮನೆಯ ದುರಸ್ತಿ, ನವೀಕರಣ ಮಾಡುವವರಿಗೆ ‘ಗುತ್ತಿಗೆದಾರ’ ಎಂಬ ಹೆಸರಿನ ಪರವಾನಗಿ ಕರ್ನಾಟಕದಲ್ಲಿ ಇಲ್ಲವೇ ಇಲ್ಲ. ನಾಳೆ ಬೆಳಿಗ್ಗೆ ಯಾರು ಬೇಕಾದರೂ ವಿಸಿಟಿಂಗ್ ಕಾರ್ಡ್ ಮಾಡಿಸಿ ‘ಹೋಮ್ ರಿನೊವೇಷನ್’ ಎಂದು ಬೋರ್ಡ್ ಹಾಕಬಹುದು, ಕಾನೂನು ತಡೆಯುವುದಿಲ್ಲ. ನಮ್ಮಲ್ಲಿ ಪರವಾನಗಿ ಅಂಟಿಕೊಂಡಿರುವುದು ಕೆಲಸಕ್ಕೆ: ವಿದ್ಯುತ್ತಿಗೆ ಒಂದು, ನೀರು–ಒಳಚರಂಡಿ ಸಂಪರ್ಕಕ್ಕೆ ಇನ್ನೊಂದು, ಲಿಫ್ಟಿಗೆ ಮಗದೊಂದು, ಕಟ್ಟಡದ ನಕ್ಷೆಗೆ ಬೇರೆಯದೇ. ಆದ್ದರಿಂದ ‘ಲೈಸೆನ್ಸ್ ಇದೆಯಾ’ ಎಂದು ಕೇಳಿದರೆ ಯಾವುದೋ ಒಂದು ಕಾಗದ ಬರುತ್ತದೆ, ನಿಮಗೆ ಬಂದ ಹಾಗೆ. ಕೇಳಬೇಕಾದ್ದು ಇದು: ಯಾವ ಕೆಲಸಕ್ಕೆ, ಯಾರ ಹೆಸರಿನಲ್ಲಿ, ಎಲ್ಲಿಯವರೆಗೆ?

ಮಗಳು ಕೇಳಿದ್ದರಲ್ಲಿ ತಪ್ಪಿಲ್ಲ. ಅಲ್ಲಿ ಗುತ್ತಿಗೆದಾರರ ಪರವಾನಗಿಗೆಂದೇ ರಾಜ್ಯದ ಮಂಡಳಿಯೊಂದಿದೆ. ಕೂಲಿ, ಸಾಮಾನು ಸೇರಿ ಸಾವಿರ ಡಾಲರ್ ಮುಟ್ಟುವ ಕೆಲಸಕ್ಕೆ ಪರವಾನಗಿ ಬೇಕು. 2025ರ ಜನವರಿಗೆ ಮುಂಚೆ ಈ ಮಿತಿ 500 ಡಾಲರ್ ಇತ್ತು. ಪರವಾನಗಿ ಉಳಿಸಿಕೊಳ್ಳಲು 25,000 ಡಾಲರಿನ ಬಾಂಡ್ ಇರಬೇಕು. ಮನೆ ನವೀಕರಣಕ್ಕೆ ಮುಂಗಡವಾಗಿ ಗುತ್ತಿಗೆ ಮೊತ್ತದ ಶೇ 10 ಅಥವಾ ಸಾವಿರ ಡಾಲರ್, ಯಾವುದು ಕಡಿಮೆಯೋ ಅಷ್ಟನ್ನೇ ಪಡೆಯಬಹುದು. ನಂಬರ್ ಹಾಕಿ ನೋಡಿದರೆ ದೂರುಗಳ ಚರಿತ್ರೆಯೂ ಸಿಗುತ್ತದೆ. ಬೆಂಗಳೂರಿನಲ್ಲಿ ಇದರಲ್ಲಿ ಯಾವುದೂ ಕಾನೂನಿನಿಂದ ತಾನಾಗಿ ಬರುವುದಿಲ್ಲ. ಮುಂಗಡಕ್ಕೆ ಮಿತಿ, ಕೆಲಸ ಕೆಟ್ಟರೆ ಹಿಡಿದಿಡುವ ಹಣ ಎರಡನ್ನೂ ನೀವೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ಈಗ ಅವರು ಕಳಿಸಿದ ಕಾಗದಗಳು. ‘ಕ್ಲಾಸ್ ಒನ್’ ಎಂಬುದು ಲೋಕೋಪಯೋಗಿ ಇಲಾಖೆಯ ನೋಂದಣಿ. ಸರ್ಕಾರಿ ಟೆಂಡರಿನಲ್ಲಿ ಎಷ್ಟು ಮೊತ್ತದ ಕೆಲಸಕ್ಕೆ ಬಿಡ್ ಹಾಕಬಹುದು ಎಂಬುದನ್ನು ಆ ದರ್ಜೆ ಹೇಳುತ್ತದೆ. ರಸ್ತೆ, ಚರಂಡಿ, ಶಾಲಾ ಕೊಠಡಿ ಕಟ್ಟಿದ ಅನುಭವವಿದೆ ಎಂದು ಅದರಿಂದ ಊಹಿಸಬಹುದು. ಹಳೆಯ ಮನೆಯ ಬಚ್ಚಲಿನಲ್ಲಿ ನೀರು ಸೋರದಂತೆ ಟೈಲ್ಸ್ ಹಾಕುವುದು ಬೇರೆಯೇ ವಿದ್ಯೆ. ಉದ್ಯಮ್ ಸರ್ಟಿಫಿಕೇಟು ಸಣ್ಣ ಉದ್ದಿಮೆಯ ನೋಂದಣಿ. ಆಧಾರ್, ಪ್ಯಾನ್ ಕೊಟ್ಟು ಸ್ವಯಂ ಘೋಷಣೆ ಮಾಡಿದರೆ ಉಚಿತವಾಗಿ ಸಿಗುತ್ತದೆ. ಸಾಲಕ್ಕೆ, ಸಬ್ಸಿಡಿಗೆ ಅದು ಉಪಯೋಗ. ಕೈಚಳಕಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಲವರು ಪಾಲಿಕೆಯ ಉದ್ದಿಮೆ ಪರವಾನಗಿಯನ್ನೂ ತೋರಿಸುತ್ತಾರೆ. ಅದು ಅವರ ಅಂಗಡಿ ಅಥವಾ ಗೋದಾಮಿನ ಜಾಗದ್ದು.

ಜಿಎಸ್‌ಟಿ ಸರ್ಟಿಫಿಕೇಟು ಮಾತ್ರ ಸ್ವಲ್ಪ ಕೆಲಸಕ್ಕೆ ಬರುತ್ತದೆ. ಹದಿನೈದು ಅಕ್ಷರಗಳ ಆ ಸಂಖ್ಯೆ ಕರ್ನಾಟಕದ್ದಾದರೆ 29ರಿಂದ ಶುರುವಾಗಬೇಕು. ಮುಂದಿನ ಹತ್ತು ಅಕ್ಷರ ಅವರ ಪ್ಯಾನ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ: ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಯಾರ ಹೆಸರಿನಲ್ಲಿದೆ, ಮಾಮೂಲಿ ನೋಂದಣಿಯೋ, ಸಣ್ಣ ವಹಿವಾಟಿನವರು ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯದೋ ಎಲ್ಲ ಕಾಣುತ್ತದೆ. ಹೆಸರು ನಿಮ್ಮೊಡನೆ ಮಾತಾಡುತ್ತಿರುವವರದೇ ಆಗಿರಬೇಕು. ಭಾವಮೈದುನನ ಸಂಸ್ಥೆಯ ಹೆಸರಿನಲ್ಲಿ ಬಿಲ್ ಕೊಡುತ್ತೇನೆ ಎಂದರೆ ಒಪ್ಪಂದವೂ ಆ ಭಾವಮೈದುನನ ಜೊತೆಗೇ ಆಗಬೇಕಾಗುತ್ತದೆ.

ಇಲ್ಲೇ ತೆರಿಗೆಯ ಮಾತನ್ನೂ ಮುಗಿಸಿಬಿಡುತ್ತೇನೆ. ಸಾಮಾನು, ಕೂಲಿ ಸೇರಿದ ಇಂಥ ಗುತ್ತಿಗೆಗೆ ಜಿಎಸ್‌ಟಿ ಶೇ 18. ‘ಬಿಲ್ ಬೇಡ ಅಂದ್ರೆ ಅಷ್ಟೂ ಉಳಿಯುತ್ತೆ ಸಾರ್’ ಎಂಬ ಮಾತು ಬಂದೇ ಬರುತ್ತದೆ. ಲೆಕ್ಕ ಅಷ್ಟು ಸರಳವಲ್ಲ. ಸಿಮೆಂಟು, ವೈರು, ಟೈಲ್ಸ್ ಮೇಲೆ ಅವರು ಕಟ್ಟಿದ ತೆರಿಗೆ, ನೋಂದಾಯಿತರಾಗಿದ್ದರೆ ಅವರಿಗೆ ವಜಾ ಸಿಗುತ್ತದೆ. ಅದನ್ನು ಕಳೆದು ದರ ಹೇಳಿ ಎಂದು ಚೌಕಾಸಿ ಮಾಡಿ. ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಅಂದಾಜು ಪಟ್ಟಿ ಅದಕ್ಕೂ ಹಳೆಯದಾದರೆ ಆ ಸಾಲನ್ನು ತಿದ್ದಿಸಿ. ಕಾಂಪೊಸಿಷನ್ ಯೋಜನೆಯಲ್ಲಿರುವವರು ನಿಮ್ಮಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ನೋಂದಣಿಯೇ ಇಲ್ಲ ಎನ್ನುವವರಿಗೆ ಒಂದು ಮಾತು ಹೇಳಬಹುದು: ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ನಿಮ್ಮ ಮನೆಯೊಂದೇ 22 ಲಕ್ಷ. ಬಿಡಿ ಮನೆ ಕಟ್ಟುವ ಬರೀ ಕೂಲಿ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿ ಇರುವುದು ನಿಜ, ಆದರೆ ಅದು ಹೊಸ ನಿರ್ಮಾಣಕ್ಕೆ ಮಾತ್ರ, ಹಳೆಯ ಮನೆಯ ದುರಸ್ತಿಗೆ ಎಳೆದು ಹೊದಿಸಲಾಗದು. ಬಿಲ್ಲಿಲ್ಲದೆ ಮಾಡಿಸಿದರೆ ಕಳೆದುಕೊಳ್ಳುವುದು ಸಾಕ್ಷಿಯನ್ನು. ಅದರ ಬೆಲೆ ಕೊನೆಯಲ್ಲಿ ಗೊತ್ತಾಗುತ್ತದೆ.

ಇನ್ನು ನಿಜವಾದ ಪರವಾನಗಿಗಳಿಗೆ ಬರೋಣ. ನಿಮ್ಮ ಪಟ್ಟಿಯಲ್ಲಿ ಅತ್ಯಂತ ಗಂಭೀರವಾದದ್ದು ವೈರಿಂಗ್, ಅದಕ್ಕೇ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಮೊದಲು 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಹೊರಟವು. ಎರಡರಲ್ಲೂ ತಿರುಳು ಒಂದೇ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ, ಸ್ಥಾಪನೆಯ ಸಾಮರ್ಥ್ಯವನ್ನು ಬದಲಿಸದ ಸಣ್ಣ ಕೆಲಸ ಬಿಟ್ಟರೆ, ಗ್ರಾಹಕರ ಮನೆಯೊಳಗಿನ ಯಾವುದೇ ವಿದ್ಯುತ್ ಕೆಲಸವನ್ನು ರಾಜ್ಯ ಸರ್ಕಾರದಿಂದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು. ಮೇಲ್ವಿಚಾರಣೆಗೆ ಅರ್ಹತಾ ಪತ್ರವಿರುವ ಸೂಪರ್‌ವೈಸರ್ ಇರಬೇಕು, ಕೈಯಾರೆ ಮಾಡುವವರ ಬಳಿ ಪರ್ಮಿಟ್ ಇರಬೇಕು. ಕರ್ನಾಟಕದಲ್ಲಿ ಈ ಮೂರನ್ನೂ ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ಅನೇಕರು ಬೆಸ್ಕಾಂ ಎಂದುಕೊಳ್ಳುತ್ತಾರೆ; ಬೆಸ್ಕಾಂ ವಿದ್ಯುತ್ ಸರಬರಾಜು ಕಂಪನಿ, ಪರವಾನಗಿ ಕೊಡುವುದು ಅದಲ್ಲ. ಇಡೀ ಮನೆಯ ವೈರಿಂಗ್ ಬದಲಾವಣೆ ‘ಸಣ್ಣ ಕೆಲಸ’ದ ವಿನಾಯಿತಿಗೆ ಖಂಡಿತ ಸೇರುವುದಿಲ್ಲ. ಗಾರೆ ಗುತ್ತಿಗೆದಾರರು ‘ನಮ್ಮ ಹುಡುಗ ಇದ್ದಾನೆ, ನೀಟಾಗಿ ಮಾಡ್ತಾನೆ’ ಎಂದರೆ ಹುಡುಗನ ಪರ್ಮಿಟ್ ನೋಡಿ.

ಈಗ ಬಹಿರಂಗವಾಗಿ ಯಾರೂ ಹೇಳದ ವಿಷಯ: ಲೈಸೆನ್ಸ್ ಬಾಡಿಗೆಗೆ ಸಿಗುತ್ತದೆ. ಪರವಾನಗಿ ಒಬ್ಬರದು, ಕೆಲಸ ಮಾಡುವವರು ಇನ್ನೊಬ್ಬರು. ಲೋಡ್ ಹೆಚ್ಚಿಸಲು ಅರ್ಜಿ ಹಾಕುವ ಹೊತ್ತಿಗೆ ಫಾರಂ ಮೇಲೆ ಸೀಲು, ಸಹಿ ಬಿದ್ದಿರುತ್ತದೆ; ಸಹಿ ಮಾಡಿದವರು ನಿಮ್ಮ ಮನೆಯ ಗೇಟನ್ನೂ ನೋಡಿರುವುದಿಲ್ಲ. ಕಾಗದ ಪಕ್ಕಾ, ಗೋಡೆಯೊಳಗಿನ ವೈರು ದೇವರಿಗೇ ಪ್ರೀತಿ. ಇದನ್ನು ತಡೆಯಲು ನನಗೆ ಗೊತ್ತಿರುವ ಉಪಾಯ ಸರಳವಾದದ್ದು. ಗೋಡೆಗೆ ಉಳಿ ತಾಗಿಸುವ ಮುಂಚೆ ಪರವಾನಗಿದಾರರೇ ಮನೆಗೆ ಬಂದು ಮೀಟರ್ ಬೋರ್ಡು, ಅರ್ಥಿಂಗ್ ಗುಂಡಿ ನೋಡಲಿ. ಮೂಲ ಪರವಾನಗಿಯಲ್ಲಿ ದರ್ಜೆ, ಅವಧಿ ಓದಿಕೊಳ್ಳಿ. ಅನುಮಾನವಿದ್ದರೆ ಪರಿವೀಕ್ಷಣಾಲಯದಲ್ಲಿ ಆ ಸಂಖ್ಯೆಯನ್ನು ವಿಚಾರಿಸಿ. ಕಂಡ್ಯೂಟ್ ಪೈಪುಗಳ ಮೇಲೆ ಗಾರೆ ಮುಚ್ಚುವ ಮುನ್ನ ಇನ್ನೊಮ್ಮೆ ಬರಲಿ. ಕೆಲಸ ಮುಗಿದ ಮೇಲೆ ಪರೀಕ್ಷಾ ವರದಿ ಕೊಡಲಿ. ಅದರಲ್ಲಿ ಇನ್ಸುಲೇಷನ್ ನಿರೋಧ 500 ವೋಲ್ಟ್ ಡಿಸಿಯಲ್ಲಿ ಕನಿಷ್ಠ 1 ಮೆಗಾಓಮ್ ಇರಬೇಕು, ಅರ್ಥಿಂಗ್ ನಿರೋಧದ ಅಳತೆಯೂ ಇರಬೇಕು. ಪ್ರತಿ ಸರ್ಕ್ಯೂಟಿಗೂ ಒಂದೇ ದುಂಡನೆಯ ಅಂಕಿ ಬರೆದಿದ್ದರೆ ಆ ವರದಿ ಮೇಜಿನ ಮೇಲೆ ತಯಾರಾದದ್ದು ಎಂದು ತಿಳಿಯಿರಿ. ಈ ನಿರೋಧ ಅಳೆಯುವ ಉಪಕರಣ ಮೆಗ್ಗರ್, ಅದನ್ನು ನಿಮ್ಮೆದುರೇ ಹಚ್ಚಿಸಿ, ಒಂದು ಗಂಟೆಯ ಕೆಲಸ.

1994ರ ಮನೆ ಎಂದಿದ್ದೀರಿ. ಆಗ ಗೀಸರು ಒಂದಿದ್ದರೆ ಹೆಚ್ಚು. ಈಗ ಎರಡು ಗೀಸರು, ಇಂಡಕ್ಷನ್ ಒಲೆ, ಎಸಿ, ನಾಳೆ ಇವಿ ಚಾರ್ಜರ್. ಮಂಜೂರಾದ ಲೋಡ್ ಎಷ್ಟಿದೆ ಎಂದು ಬೆಸ್ಕಾಂ ಬಿಲ್ಲಿನಲ್ಲೇ ಇರುತ್ತದೆ. ವೈರಿಂಗ್ ಬದಲಿಸುವಾಗಲೇ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿಸಿ. ಬಚ್ಚಲಿನ ಸರ್ಕ್ಯೂಟುಗಳಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸುವುದರಲ್ಲಿ ಜಿಪುಣತನ ಬೇಡ. ಅದು ಪದೇ ಪದೇ ಬೀಳುತ್ತದೆ ಎಂದು ಕಿತ್ತುಹಾಕುವ ಎಲೆಕ್ಟ್ರಿಷಿಯನ್ ಸಿಕ್ಕಿದರೆ, ಅವರನ್ನೇ ಬದಲಿಸಿ.

ನೀರಿನದು ಜಲಮಂಡಳಿಯ ಕ್ಷೇತ್ರ. ಮನೆಯೊಳಗೆ ನಲ್ಲಿ, ಪೈಪು ಬದಲಿಸಲು ಯಾರ ಅನುಮತಿಯೂ ಬೇಡ. ಆದರೆ ಬೀದಿಯ ಕೊಳವೆಯಿಂದ ಬರುವ ಸಂಪರ್ಕ, ಮೀಟರ್, ಒಳಚರಂಡಿಗೆ ಸೇರುವ ಲೈನು ಮುಟ್ಟುವುದಾದರೆ ಮಂಡಳಿಯ ಅನುಮತಿ ಬೇಕು, ಕೆಲಸಕ್ಕೆ ಮಂಡಳಿಯ ಪರವಾನಗಿ ಇರುವ ಪ್ಲಂಬರ್ ಬೇಕು. ತಾರಸಿಯ ಹೊಸ ಬಚ್ಚಲಿನ ಕೊಳವೆಯನ್ನು ಇಳಿಸುವಾಗ ಒಂದು ಕಳ್ಳದಾರಿ ಹಿಡಿಯುತ್ತಾರೆ: ತಾರಸಿಯ ಮಳೆನೀರಿನ ಪೈಪನ್ನೂ ಅದಕ್ಕೇ ಸೇರಿಸಿ ಒಳಚರಂಡಿಗೆ ಬಿಡುವುದು. ಇದಕ್ಕೆ ಅವಕಾಶವಿಲ್ಲ, ಜೋರು ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕಿ ಕೆಳಗಿನ ಬಚ್ಚಲಿಗೇ ವಾಪಸ್ಸು ಬರುವುದೂ ಇದರಿಂದಲೇ. ಮತ್ತೊಂದು: 2024ರ ಮಾರ್ಚಿನ ನೀರಿನ ಬರದಲ್ಲಿ ಮಂಡಳಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸುವುದನ್ನು ನಿಷೇಧಿಸಿತು. ದಂಡ 5,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ ದಿನಕ್ಕೆ 500ರಂತೆ ಹೆಚ್ಚುವರಿ. 2025ರ ಬೇಸಿಗೆಗೆ ಮುನ್ನ ಅದನ್ನೇ ಮತ್ತೆ ಹೊರಡಿಸಿತು. ದಂಡದ ನೋಟಿಸು ಬರುವುದು ನಿಮ್ಮ ಮನೆಗೆ, ಮೇಸ್ತ್ರಿ ಮನೆಗಲ್ಲ. ಕ್ಯೂರಿಂಗ್ ನೀರು ಎಲ್ಲಿಂದ ಎಂಬುದನ್ನು ಮೊದಲೇ ಮಾತಾಡಿ.

ಸಣ್ಣವು ಇನ್ನೂ ಕೆಲವಿವೆ. ಗೆದ್ದಲು ಔಷಧಿ ಹೊಡೆಸುವುದಾದರೆ ಆ ಸಂಸ್ಥೆಗೆ 1968ರ ಕೀಟನಾಶಕ ಕಾಯ್ದೆಯಡಿ ಪರವಾನಗಿ ಇರಬೇಕು. ಬಡಗಿ ತಾನೇ ಡಬ್ಬ ತಂದು ಸುರಿಯುವುದು ಸಲ್ಲದು. ಕೊಳವೆ ಅಡುಗೆ ಅನಿಲ ಇದ್ದರೆ ಅಡುಗೆಮನೆ ಒಡೆಯುವಾಗ ಪೈಪನ್ನು ಅನಿಲ ಕಂಪನಿಯವರೇ ಸರಿಸಬೇಕು. ವಯಸ್ಸಾದವರಿಗೆಂದು ಮನೆಯೊಳಗೆ ಪುಟ್ಟ ಲಿಫ್ಟ್ ಹಾಕಿಸುವ ಯೋಚನೆ ಬಂದರೆ, 2012ರ ಕರ್ನಾಟಕ ಲಿಫ್ಟ್ ಕಾಯ್ದೆಯಂತೆ ಅದಕ್ಕೂ ವಿದ್ಯುತ್ ಪರಿವೀಕ್ಷಣಾಲಯದ ಬಾಗಿಲು ತಟ್ಟಬೇಕು.

ಗೋಡೆ ತೆಗೆಸುವ ವಿಷಯದಲ್ಲಿ ನಾನು ಪರವಾನಗಿಗಿಂತ ಮೊದಲು ಗೋಡೆಯ ದಪ್ಪ ಕೇಳುತ್ತೇನೆ. ಆ ಕಾಲದ ಬಡಾವಣೆಗಳಲ್ಲಿ ಸೈಜುಗಲ್ಲಿನ ತಳಪಾಯ, ಅದರ ಮೇಲೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಗೋಡೆಯ ಮೇಲೇ ಆರ್‌ಸಿಸಿ ಸ್ಲ್ಯಾಬ್ ಕೂರಿಸಿದ ಮನೆಗಳು ಬೇಕಾದಷ್ಟಿವೆ. ಅಲ್ಲಿ ಪಿಲ್ಲರುಗಳೇ ಇಲ್ಲ, ಭಾರ ಹೊತ್ತಿರುವುದು ಗೋಡೆ. ನಾಲ್ಕೂವರೆ ಇಂಚಿನ ಅಡ್ಡಗೋಡೆಯಾದರೆ ಬಹುಮಟ್ಟಿಗೆ ತೆಗೆಯಬಹುದು, ಒಂಬತ್ತಿಂಚಿನದಾದರೆ ಮೇಲ್ಮಹಡಿಯ ಗೋಡೆ ಅದರ ಮೇಲೇ ನಿಂತಿರಬಹುದು. ‘ಒಂದು ಐ-ಬೀಮ್ ಕೊಟ್ಟುಬಿಡೋಣ’ ಎಂಬ ಮೇಸ್ತ್ರಿಯ ಮಾತು ಪರಿಹಾರವೇ ಇರಬಹುದು. ಆದರೆ ಯಾವ ಅಳತೆಯ ಬೀಮು, ಅದರ ತುದಿಗಳು ಯಾವುದರ ಮೇಲೆ ಕೂರುತ್ತವೆ, ಗೋಡೆ ಕೀಳುವಾಗ ಸ್ಲ್ಯಾಬಿಗೆ ಆಸರೆ ಏನು ಎಂಬುದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡಿ ಕೊಡಬೇಕು. ನೀವು ಅದೇ ತಾರಸಿಯ ಮೇಲೆ ಇನ್ನೊಂದು ರೂಮಿನ ಭಾರವನ್ನೂ ಹೇರುತ್ತಿದ್ದೀರಿ. ಕೆಳಗೆ ಗೋಡೆ ಕಮ್ಮಿ, ಮೇಲೆ ಭಾರ ಜಾಸ್ತಿ. ಈ ಎರಡನ್ನೂ ಒಬ್ಬರೇ ಇಂಜಿನಿಯರ್ ಒಟ್ಟಿಗೆ ನೋಡದಿದ್ದರೆ ನಾನಾಗಿದ್ದರೆ ಕೆಲಸವನ್ನೇ ಶುರು ಮಾಡುತ್ತಿರಲಿಲ್ಲ.

ಇಂಜಿನಿಯರನ್ನು ಗುರುತಿಸುವುದು ಹೇಗೆ? ವೈದ್ಯರು, ವಕೀಲರಿಗೆ ಇರುವಂತೆ ಸಿವಿಲ್ ಇಂಜಿನಿಯರುಗಳ ವೃತ್ತಿಗೆ ದೇಶಮಟ್ಟದ ನೋಂದಣಿ ಕಾಯ್ದೆ ಇಲ್ಲ. ನಕ್ಷೆಗೆ ಸಹಿ ಹಾಕಲು ಪಾಲಿಕೆ ನೋಂದಾಯಿಸಿಕೊಂಡ ಇಂಜಿನಿಯರ್, ವಾಸ್ತುಶಿಲ್ಪಿಗಳ ಪಟ್ಟಿ ಇರುತ್ತದೆ, ಅದರಿಂದ ಆರಿಸಿ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ. ‘ಆರ್ಕಿಟೆಕ್ಟ್’ ಎಂಬ ಬಿರುದನ್ನು ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿತರು ಮಾತ್ರ ಹಾಕಿಕೊಳ್ಳಬಹುದು. ಆ ಕಾಯ್ದೆ ಕಾಯುವುದು ಬಿರುದನ್ನಷ್ಟೇ, ವಿನ್ಯಾಸ ಮಾಡುವ ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಇಂಟೀರಿಯರ್ ಡಿಸೈನರುಗಳಿಗಂತೂ ಯಾವ ಶಾಸನಬದ್ಧ ಪರವಾನಗಿಯೂ ಇಲ್ಲ. ಷೋರೂಮಿನ ದೀಪಗಳು ಎಷ್ಟೇ ಝಗಮಗಿಸಲಿ.

ತಾರಸಿಯ ರೂಮಿನಿಂದಲೇ ನೀವು ಪಾಲಿಕೆಯ ಅಂಗಳಕ್ಕೆ ಕಾಲಿಡುವುದು. ಬಣ್ಣ, ಗಾರೆ, ನೆಲಹಾಸು, ಟೈಲ್ಸ್, ಫಾಲ್ಸ್ ಸೀಲಿಂಗ್ ಇಂಥವಕ್ಕೆ ಕಟ್ಟಡ ಪರವಾನಗಿ ಬೇಡ. ಹೊಸ ಕೋಣೆ, ಹೊಸ ಮಹಡಿ, ಸ್ಲ್ಯಾಬ್ ವಿಸ್ತರಣೆ ಎಂದರೆ ನಕ್ಷೆ ಮಂಜೂರಾತಿ ಬೇಕು. ‘ತಾರಸಿ ಮೇಲೆ ಶೀಟ್ ಹಾಕಿ ರೂಮು ಮಾಡಿದರೆ ಲೆಕ್ಕಕ್ಕಿಲ್ಲ’ ಎಂಬ ಮಾತು ಊರೆಲ್ಲ ಓಡಾಡುತ್ತಿದೆ. ಬಚ್ಚಲು ಸಮೇತ ವಾಸದ ಕೋಣೆಯಾದರೆ ಅದು ಲೆಕ್ಕಕ್ಕಿದೆ. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಕಾರ್ಮಿಕರು ಸತ್ತ ಮೇಲಂತೂ ಮಂಜೂರಾದದ್ದಕ್ಕಿಂತ ಎತ್ತರಿಸುವವರ ಮೇಲೆ ಕಣ್ಣು ಹೆಚ್ಚಾಗಿದೆ.

ಬದಲಾವಣೆ ಏನಾಗಿದೆ ಎಂದು ಕೇಳಿದ್ದೀರಿ. ಬಿಬಿಎಂಪಿ ಈಗ ಇಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು, ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ರಚನೆಯಾದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಬಸವೇಶ್ವರನಗರ ಪಶ್ಚಿಮಕ್ಕೆ ಸೇರಿದ್ದು. ಬಿಬಿಎಂಪಿ ಕಾಲದ ‘ನಂಬಿಕೆ ನಕ್ಷೆ’ ಯೋಜನೆಯಲ್ಲಿ 50×80ರವರೆಗಿನ ನಿವೇಶನದ, ನಾಲ್ಕು ಮನೆಗಳವರೆಗಿನ ಕಟ್ಟಡಗಳಿಗೆ ನೋಂದಾಯಿತ ಇಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಮೂಲಕ ಆನ್‌ಲೈನ್‌ನಲ್ಲಿ ನಕ್ಷೆ ಪಡೆಯುವ ದಾರಿ ಮಾಡಿಕೊಟ್ಟರು. ನಕ್ಷೆ ಬೇಗ ಬರುತ್ತದೆ, ನಿಜ. ಆದರೆ ಮಾಹಿತಿ ಸುಳ್ಳಾದರೆ ಹೊಣೆ ಸಹಿ ಮಾಡಿದವರ ಮೇಲೂ ನಿಮ್ಮ ಮೇಲೂ ಬೀಳುತ್ತದೆ. 1994ರ ಮಂಜೂರಾತಿ ನಕ್ಷೆಯನ್ನು ಟ್ರಂಕಿನಿಂದ ಹುಡುಕಿ ತೆಗೆಯಿರಿ. ಈಗಿನ ಮನೆಯೇ ಅದಕ್ಕಿಂತ ಬೇರೆಯಾಗಿದ್ದರೆ ಮೊದಲು ಆ ಗಂಟನ್ನು ಬಿಡಿಸಬೇಕಾಗುತ್ತದೆ.

ಎರಡನೆಯ ಬದಲಾವಣೆ ಸ್ವಾಧೀನಾನುಭವ ಪತ್ರದ್ದು, ಅಂದರೆ ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸಿಸಬಹುದು ಎಂದು ಪಾಲಿಕೆ ಕೊಡುವ, ಎಲ್ಲರೂ ‘ಓಸಿ’ ಎನ್ನುವ ಕಾಗದ. ಅದಿಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಹೇಳಿತು. ಅದಾದ ಮೇಲೆ ಬೆಂಗಳೂರಿನಲ್ಲಿ ಹೊಸ ಮೀಟರಿಗೆ ಸಾವಿರಾರು ಜನ ಪರದಾಡಿದರು. 2025ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ನಿವೇಶನದ ಮನೆಗಳಿಗೆ, ನೆಲಮಹಡಿಯ ಮೇಲೆ ಎರಡು ಅಥವಾ ಸ್ಟಿಲ್ಟ್ (ಕಂಬಗಳ ಮೇಲೆ ನಿಂತ, ವಾಹನ ನಿಲ್ಲಿಸುವ ತೆರೆದ ನೆಲಮಟ್ಟ) ಮೇಲೆ ಮೂರು ಮಹಡಿಯವರೆಗೆ, ವಿನಾಯಿತಿ ಕೊಡಲು ತೀರ್ಮಾನಿಸಿತು. ನಿಮ್ಮ ನಿವೇಶನ ಸರಿಯಾಗಿ 1,200. ಈ ವಿನಾಯಿತಿ ಓಸಿಗೆ ಮಾತ್ರ, ನಕ್ಷೆ ಮಂಜೂರಾತಿಗಲ್ಲ. ಗುತ್ತಿಗೆದಾರರು ಎರಡನ್ನೂ ಕಲಸಿ ‘ಥರ್ಟಿ ಫಾರ್ಟಿಗೆ ಈಗ ಏನೂ ಬೇಡ ಸಾರ್’ ಎಂದರೆ ನಂಬಬೇಡಿ. ತಾರಸಿ ರೂಮಿಗೆ ಪ್ರತ್ಯೇಕ ಮೀಟರ್ ಹಾಕಿಸಿ ಬಾಡಿಗೆಗೆ ಕೊಡುವ ಆಸೆಯಿದ್ದರೆ ಇದು ನೇರವಾಗಿ ತಟ್ಟುತ್ತದೆ.

ಮೂರನೆಯದು ಕಾರ್ಮಿಕ ಕಾನೂನು. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಮೊದಲಿನ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಸ್ವಂತ ವಾಸದ ಮನೆಗೆ ವಿನಾಯಿತಿ ಇದ್ದದ್ದು 10 ಲಕ್ಷದವರೆಗಿನ ಕೆಲಸಕ್ಕೆ; ಹೊಸ ಸಂಹಿತೆಯಲ್ಲಿ ಅದು 50 ಲಕ್ಷ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕೆಲಸವೂ ಹೊರಗೆ. ಗುತ್ತಿಗೆ ಕಾರ್ಮಿಕರ ಪರವಾನಗಿ ಮೊದಲು 20 ಜನರಿಗೆ ಬೇಕಿತ್ತು, ಸಂಹಿತೆಯಲ್ಲಿ 50ಕ್ಕೆ ಏರಿದೆ. ಹೀಗಾಗಿ ನಿಮ್ಮ ಅಳತೆಯ ಕೆಲಸಕ್ಕೆ ‘ಲೇಬರ್ ಲೈಸೆನ್ಸ್’ ಕೇಳುವ ಅಗತ್ಯ ಬೀಳದು. ಪರವಾನಗಿ ಬೇಡ ಎಂದ ಮಾತ್ರಕ್ಕೆ ಅಪಾಯ ಹೋಗಲಿಲ್ಲವಲ್ಲ. ಸಾರುವೆಯಿಂದ ಒಬ್ಬರು ಬಿದ್ದರೆ ಆಸ್ಪತ್ರೆ ಖರ್ಚಿಗೆ ಎಲ್ಲರ ಕಣ್ಣೂ ಮನೆ ಯಜಮಾನರ ಕಡೆಗೇ ತಿರುಗುತ್ತದೆ. ಕೆಲಸದ ಅವಧಿಗೆ ಕಾರ್ಮಿಕರ ಪರಿಹಾರ ವಿಮೆ ಮಾಡಿಸಿ, ಪಾಲಿಸಿಯ ಪ್ರತಿ ಕೊಡಿ ಎಂದು ಒಪ್ಪಂದದಲ್ಲೇ ಬರೆಯಿರಿ. 22 ಲಕ್ಷದ ಕೆಲಸದಲ್ಲಿ ಆ ಪ್ರೀಮಿಯಂ ದೊಡ್ಡದಲ್ಲ.

ಒಪ್ಪಂದ ಕನ್ನಡದಲ್ಲೇ ಇರಲಿ, ಇ-ಸ್ಟಾಂಪ್ ಕಾಗದದ ಮೇಲೆ. ಎರಡು ಸಾಲಿನ ‘ಚದರಕ್ಕೆ ಇಷ್ಟು’ ಸಾಲದು. ವೈರಿಗೆ ಬ್ರಾಂಡು, ಅಳತೆ, ಐಎಸ್‌ಐ ಗುರುತು. ಅಡುಗೆಮನೆ ಪ್ಲೈವುಡ್ಡಿಗೆ ‘ಮೆರೈನ್’ ಎಂಬ ಬಾಯಿಮಾತಿನ ಬದಲು ಐಎಸ್ 710 ಎಂಬ ಸಂಖ್ಯೆ. ಬಚ್ಚಲಿನ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮುನ್ನ, ನೀರು ಕಟ್ಟಿ ನಿಲ್ಲಿಸಿ ನೋಡುವ ಪರೀಕ್ಷೆ. ವೈರಿಂಗ್ ಮಾಡುವ ಪರವಾನಗಿದಾರರ ಹೆಸರು, ಸಂಖ್ಯೆ ಒಪ್ಪಂದದೊಳಗೇ ಬರಲಿ, ಪರೀಕ್ಷಾ ವರದಿ ಕೈಗೆ ಬಾರದೆ ಆ ಕಂತು ಇಲ್ಲ ಎಂದಿರಲಿ. ಕಂತುಗಳು ದಿನಾಂಕಕ್ಕೆ ಕಟ್ಟಿರಬಾರದು, ಮುಗಿದ ಕೆಲಸಕ್ಕೆ ಕಟ್ಟಿರಬೇಕು. ಕೊನೆಯ ಶೇ 5ರಿಂದ 10ನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡಿ. ಗುತ್ತಿಗೆದಾರರು ಗೊಣಗುತ್ತಾರೆ, ಗೊಣಗಲಿ. ಮಧ್ಯೆ ನೀವೇ ‘ಇಲ್ಲೊಂದು ಶೆಲ್ಫ್ ಇರಲಿ’ ಎಂದರೆ ಅದರ ದರವನ್ನು ವಾಟ್ಸಾಪಿನಲ್ಲಾದರೂ ಬರೆದು ಒಪ್ಪಿಗೆ ಪಡೆಯಿರಿ. ಅರ್ಧಕ್ಕರ್ಧ ಜಗಳ ಹುಟ್ಟುವುದು ಈ ಶೆಲ್ಫುಗಳಿಂದಲೇ, ಆ ವಿಷಯದಲ್ಲಿ ಮನೆಯವರದೂ ತಪ್ಪಿರುತ್ತದೆ.

ಕೆಲಸ ಕೆಟ್ಟರೆ ದಾರಿ ಗ್ರಾಹಕರ ಆಯೋಗ. ಗುತ್ತಿಗೆದಾರರಿಗೆ ಪರವಾನಗಿ ಇತ್ತೋ ಇಲ್ಲವೋ ಅಲ್ಲಿ ಮುಖ್ಯವಲ್ಲ. ಹಣ ಪಡೆದು ಸೇವೆ ಕೊಟ್ಟರೆ ಸಾಕು. 2019ರ ಕಾಯ್ದೆಯಂತೆ ನೀವು ಕೊಟ್ಟ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ ಸಾಕು, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷದವರೆಗೆ ಶುಲ್ಕವಿಲ್ಲ. 20ರಿಂದ 50 ಲಕ್ಷದ ನಡುವೆ ಸಾವಿರ ರೂಪಾಯಿ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಿಚಾರಿಸಲು 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕೇಳುವ ಮೊದಲ ಪ್ರಶ್ನೆ: ಎಷ್ಟು ಕೊಟ್ಟಿದ್ದೀರಿ, ದಾಖಲೆ ಏನು? ಬಿಲ್ಲಿಲ್ಲದೆ ‘ಉಳಿಸಿದ’ ತೆರಿಗೆ ಆಗ ನೆನಪಾಗುತ್ತದೆ.

ನಿಮ್ಮ ಒಂದೂವರೆ ಲಕ್ಷದ ನಗದಿಗೆ ಈಗಲೇ ರಸೀದಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ‘ಇಂಥ ದಿನ ಮುಂಗಡವಾಗಿ ನಗದು 1,50,000 ಕೊಟ್ಟಿದ್ದೇನೆ, ಖಚಿತಪಡಿಸಿ’ ಎಂದು ವಾಟ್ಸಾಪ್ ಮಾಡಿ. ‘ಸರಿ ಸಾರ್’ ಎಂಬ ಉತ್ತರ ಬಂದರೂ ಅದು ದಾಖಲೆಯೇ. ಇನ್ನು ಮುಂದೆ ನಗದು ಬೇಡವೇ ಬೇಡ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ‘ಇನ್ನೈವತ್ತು ಸಾವಿರ ಕ್ಯಾಶ್ ಕೊಟ್ಟರೆ ಗೆರೆ ಮುಟ್ಟುತ್ತೆ, ಸಿಕ್ಕಿಬೀಳೋದು ನೀವೇ’ ಎಂದು ಗುತ್ತಿಗೆದಾರರಿಗೆ ಹೇಳಿ ನೋಡಿ. ಬ್ಯಾಂಕ್ ಖಾತೆಯ ವಿವರ ಅವರೇ ಕಳಿಸುತ್ತಾರೆ.